ಮನೆಯ ಕಂಪ್ಯೂಟರಿನ ನೀಲಿ ಪರದೆ: ಗಾಬರಿಗೊಳ್ಳುವ ಮೊದಲು ತಿಳಿಯತಕ್ಕ ಸಂಗತಿಗಳು

ಹೋಟೆಲಿನ ಗಲ್ಲಾದ ಮುಂದೆ ಕುಳಿತವರಿಗೂ ಕಛೇರಿಯಲ್ಲಿ ಖಾತೆ ಬರೆಯುವವರಿಗೂ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಲೆಕ್ಕವು ತಾಳೆಯಾಗದಿದ್ದಾಗ ಲೇಖನಿಯನ್ನು ಕೆಳಗಿಟ್ಟು ತಪ್ಪನ್ನು ಹುಡುಕಬೇಕು. ತಪ್ಪಾದ ಮೊತ್ತವನ್ನು ಮುಂದಿನ ಪುಟಕ್ಕೆ ಎಳೆದರೆ ತಿಂಗಳ ಕೊನೆಗೆ ಅದು ಎಲ್ಲಿ ಹುಟ್ಟಿತೆಂಬುದೇ ಕಾಣದಂತಾಗುತ್ತದೆ. ಮನೆಯ ಕಂಪ್ಯೂಟರು ಕೆಲಸದ ನಡುವೆ ಥಟ್ಟನೆ ನಿಂತು, ಪರದೆಯನ್ನೆಲ್ಲ ನೀಲಿಯಾಗಿಸಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ತೋರಿಸಿ ತಾನಾಗಿಯೇ ಮರಳಿ ಹೊರಡುತ್ತದಷ್ಟೆ? ಅದು ಆ ಕ್ಷಣದಲ್ಲಿ ಮಾಡುವ ಕೆಲಸವೂ ಇದೇ. ಲೆಕ್ಕ ತಪ್ಪಿದೆಯೆಂದು ಕಂಡುಕೊಂಡು ಲೇಖನಿಯನ್ನು ಕೆಳಗಿಡುತ್ತದೆ.

ಪುಣೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿ ಕಂಪ್ಯೂಟರು ಇಂದು ಷೋಕಿಯ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಕಾಲೇಜಿನ ಪಾಠಗಳು, ಭವಿಷ್ಯನಿಧಿಯ ಕಾಗದಪತ್ರಗಳು, ಊರಿನ ಜಮೀನಿನ ಪಹಣಿಯ ಪ್ರತಿ, ಸಣ್ಣ ಖಾನಾವಳಿಯ ಜಿ.ಎಸ್.ಟಿ. ಲೆಕ್ಕ, ತೀರಿಹೋದ ಹಿರಿಯರ ಭಾವಚಿತ್ರಗಳು, ಇವೆಲ್ಲವೂ ಅದರ ಹೊಟ್ಟೆಯನ್ನು ಸೇರಿವೆ. ಎಷ್ಟೋ ಮನೆಗಳಲ್ಲಿ ಆ ಯಂತ್ರವು ಕಂತಿನ ಮೇಲೆ ಕೊಂಡದ್ದು. ಇಲ್ಲವೆ ಯಾವುದೋ ಕಛೇರಿಯಲ್ಲಿ ಕೆಲವು ವರ್ಷ ದುಡಿದು ನಿವೃತ್ತವಾಗಿ ಕಡಮೆ ಬೆಲೆಗೆ ಕೈಸೇರಿದ್ದು. ಅದು ವಾರಕ್ಕೆ ಎರಡು ಮೂರು ಸಲ ನೀಲಿಯಾಗತೊಡಗಿದರೆ ಮನೆಯವರು ದಿಕ್ಕುಗೆಡುತ್ತಾರೆ. ಸಲಹೆ ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಮೂರು: ಫಾರ್ಮ್ಯಾಟ್ ಮಾಡಿಸಿ, ಮೆಮೊರಿ ಬದಲಾಯಿಸಿ, ಹೊಸ ಯಂತ್ರ ಕೊಳ್ಳಿ. ಮೂರೂ ಒಮ್ಮೊಮ್ಮೆ ಸರಿಯಾಗಿರಬಹುದು. ಆದರೆ ಪರೀಕ್ಷಿಸದೆ ಹೇಳಿದರೆ ಮೂರೂ ಬರಿಯ ಊಹೆಗಳು, ಮತ್ತು ಊಹೆಯ ಬೆಲೆಯನ್ನು ತೆರುವವರು ನಾವು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಯ ಯಂತ್ರಾಗಾರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ಲೋಕದಲ್ಲೆಲ್ಲ ತೀವ್ರವಾಗಿ ಏರಿತೆಂಬುದನ್ನು ನೆನೆದರೆ, ಸುಸ್ಥಿತಿಯಲ್ಲಿರುವ ಪಟ್ಟಿಯನ್ನು ಕಿತ್ತು ಬಿಸಾಡುವುದು ಎಂತಹ ನಷ್ಟವೆಂದು ತಿಳಿದೀತು.

ಈ ದೋಷದ ಮೂಲವನ್ನು ಹೆಚ್ಚಿನ ಸಂದರ್ಭಗಳಲ್ಲಿ ಮನೆಯಲ್ಲಿಯೇ, ಹಣ ಖರ್ಚಿಲ್ಲದೆ, ತಾಳ್ಮೆಯಿಂದ ಕಂಡುಹಿಡಿಯಬಹುದು. ಅದರ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಗ್ರಾಣ ಮತ್ತು ಬಡಿಸುವ ಕಟ್ಟೆ

ಹೋಟೆಲಿನಲ್ಲಿ ಅಕ್ಕಿ ಬೇಳೆಗಳು ಉಗ್ರಾಣದಲ್ಲಿರುತ್ತವೆ. ಆ ಹೊತ್ತಿಗೆ ಬೇಕಾದ ತಿಂಡಿಯ ತಟ್ಟೆಗಳು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲಿರುತ್ತವೆ. ಕಂಪ್ಯೂಟರಿನಲ್ಲಿಯೂ ಇದೇ ಏರ್ಪಾಡು. ಹಾರ್ಡ್ ಡಿಸ್ಕ್ ಅದರ ಉಗ್ರಾಣ; ಯಂತ್ರ ನಿಂತರೂ ಅಲ್ಲಿನ ಸಾಮಾನು ಉಳಿಯುತ್ತದೆ. ರ‍್ಯಾಮ್ ಎಂದು ಕರೆಯಲ್ಪಡುವ ಮೆಮೊರಿಯು ಅದರ ಕಟ್ಟೆ. ಸದ್ಯದ ಕೆಲಸಕ್ಕೆ ಬೇಕಾದುದೆಲ್ಲ ಅಲ್ಲಿಗೆ ಬರುತ್ತದೆ, ವಿದ್ಯುತ್ತು ಹೋದೊಡನೆ ಅಳಿಸಿಹೋಗುತ್ತದೆ. ನಾವು ಬರೆಯುವ ಪತ್ರವಾಗಲಿ ನೋಡುವ ಚಿತ್ರವಾಗಲಿ ಈ ಕಟ್ಟೆಯನ್ನು ಹಾಯದೆ ಉಗ್ರಾಣವನ್ನು ಸೇರಲಾರದು.

ಇಂದಿನ ಮೆಮೊರಿಯ ಮೂಲ ವಿನ್ಯಾಸಕ್ಕೆ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದರು. ಒಂದೊಂದು ಅಂಕೆಗೆ ಒಂದೊಂದು ಅತಿಸೂಕ್ಷ್ಮ ಕೋಶ. ಅದರಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಈ ಕೋಶಗಳು ತೂತು ಬಿದ್ದ ಕೊಡಗಳಿದ್ದಂತೆ. ತುಂಬಿದ್ದು ಸೋರಿಹೋಗುತ್ತಲೇ ಇರುತ್ತದೆ. ಆದುದರಿಂದ ಯಂತ್ರವು ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡುಗಳೊಳಗೆ ಒಂದು ಸಲ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬುತ್ತದೆ. ಎಂಟು ಗಿಗಾಬೈಟಿನ ಒಂದು ಪಟ್ಟಿಯಲ್ಲಿ ಇಂತಹ ಕೋಶಗಳು ಸುಮಾರು 6,870 ಕೋಟಿ. ಅವುಗಳಲ್ಲಿ ಒಂದು ದುರ್ಬಲವಾಗಿ ಬೇಗನೆ ಸೋರಿದರೂ ಸಾಕು, ಬರೆದದ್ದು ಒಂದು, ಓದುವುದು ಇನ್ನೊಂದು.

ಇದರ ಪರಿಣಾಮವನ್ನು ಅಂಕೆಯಲ್ಲಿಯೇ ನೋಡೋಣ. ಐನೂರು ರೂಪಾಯಿ ಎಂಬ ಸಂಖ್ಯೆಯನ್ನು ಯಂತ್ರವು 256, 128, 64, 32, 16 ಮತ್ತು 4ರ ಮೊತ್ತವಾಗಿ ಬರೆದಿಡುತ್ತದೆ. ಇವುಗಳಲ್ಲಿ 256ರ ಕೋಶವೊಂದು ಸೋರಿದರೆ 500 ಇದ್ದದ್ದು 244 ಆಗುತ್ತದೆ. ಕಾಗದ ಹರಿಯಲಿಲ್ಲ, ಮಸಿ ಚೆಲ್ಲಲಿಲ್ಲ. ಲೆಕ್ಕ ಮಾತ್ರ ಬದಲಾಯಿತು. ಇಂತಹ ಬದಲಾವಣೆ ವಿಂಡೋಸ್ ತನಗಾಗಿ ಕಾದಿಟ್ಟುಕೊಂಡ ಭಾಗದಲ್ಲಿ ಆದಾಗ, ಅದು ಅಸಂಗತವನ್ನು ಕಂಡು ಎಲ್ಲ ಕೆಲಸವನ್ನೂ ನಿಲ್ಲಿಸಿ ನೀಲಿ ಪರದೆಯನ್ನು ತೋರಿಸುತ್ತದೆ. ತಪ್ಪು ಉಗ್ರಾಣವನ್ನು ಸೇರಬಾರದೆಂಬುದೇ ಇದರ ಹಿಂದಿನ ಎಚ್ಚರ. ಆದರೆ ನಮ್ಮ ಪತ್ರದ ನಡುವೆಯೋ ಭಾವಚಿತ್ರದ ನಡುವೆಯೋ ಆದ ತಪ್ಪನ್ನು ಅದು ಕಾಣಲಾರದು. ಆ ತಪ್ಪು ಸದ್ದಿಲ್ಲದೆ ಡಿಸ್ಕಿಗೆ ಇಳಿಯುತ್ತದೆ. ಆದುದರಿಂದ ಮೇಲಿಂದ ಮೇಲೆ ಬರುವ ನೀಲಿ ಪರದೆಯನ್ನು ಲಕ್ಷಿಸದೆ ಯಂತ್ರವನ್ನು ಮತ್ತೆ ಮತ್ತೆ ಆರಂಭಿಸಿ ದುಡಿಸುವುದು ಅಪಾಯಕರ.

ಒಮ್ಮೆ ಬಂದದ್ದು, ಮರಳಿ ಮರಳಿ ಬರುವುದು

ವರ್ಷಕ್ಕೊಮ್ಮೆ ಬರುವ ನೀಲಿ ಪರದೆಗೆ ಅಂಜಬೇಕಾಗಿಲ್ಲ. ಸುಸ್ಥಿತಿಯಲ್ಲಿರುವ ಮೆಮೊರಿಯೂ ಅಪರೂಪಕ್ಕೆ ಎಡವುತ್ತದೆ. 1970ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆಯ ವಿಜ್ಞಾನಿಗಳು, ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣದ್ರವ್ಯದಿಂದ ಹೊರಟ ಆಲ್ಫಾ ಕಣಗಳು ಕೋಶದ ಅಂಕೆಯನ್ನೇ ತಿರುಗಿಸಬಲ್ಲವೆಂದು ತೋರಿಸಿಕೊಟ್ಟರು. ಆಕಾಶದಿಂದ ಬರುವ ವಿಶ್ವಕಿರಣಗಳ ದೆಸೆಯಿಂದಲೂ ಹೀಗಾಗುವುದುಂಟು. ಇಂತಹ ತಪ್ಪು ಒಮ್ಮೆ ಆಗಿ ಹೋಗುತ್ತದೆ; ಮರುಬರೆಹದಲ್ಲಿ ಸರಿಯಾಗುತ್ತದೆ.

ದೊಡ್ಡ ಯಂತ್ರಗಳಲ್ಲಿ ಇದಕ್ಕೂ ಕಾವಲುಂಟು. ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ ಅವರು 1950ರಲ್ಲಿ ಪ್ರಕಟಿಸಿದ ವಿಧಾನದಂತೆ, ಮೂಲ ಅಂಕೆಗಳ ಜತೆಗೆ ಕೆಲವು ತಪಾಸಣೆಯ ಅಂಕೆಗಳನ್ನೂ ಬರೆದಿಟ್ಟರೆ ತಪ್ಪಿದ ಅಂಕೆ ಯಾವುದೆಂದು ತಿಳಿದು ಅದನ್ನು ತಿದ್ದಲೂ ಬರುತ್ತದೆ. ಗುಮಾಸ್ತನು ಮೊತ್ತವನ್ನು ಅಡ್ಡಲಾಗಿಯೂ ನೀಟಾಗಿಯೂ ಕೂಡಿ ತಾಳೆ ನೋಡುವುದಿಲ್ಲವೆ? ಅದರ ಬಂಧುವೇ ಈ ವಿದ್ಯೆ. ನಮ್ಮ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ಡಾ. ವಿಜಯ ಭಟಕರರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಎಂಬ ಮಹಾಗಣಕವನ್ನು ಕಟ್ಟಿ ದೇಶದ ಹೆಸರನ್ನು ಬೆಳಗಿಸಿತು. ಇಂದಿನ ಮಹಾಗಣಕಗಳಲ್ಲಿಯೂ ಬ್ಯಾಂಕಿನ ಸರ್ವರುಗಳಲ್ಲಿಯೂ ಇಂತಹ ತಿದ್ದುಪಡಿಯ ಮೆಮೊರಿ ಇರುವುದು ವಾಡಿಕೆ. ಮನೆಯ ಸಾಧಾರಣ ಯಂತ್ರಗಳಲ್ಲಿ ಬೆಲೆಯ ಕಾರಣದಿಂದ ಇದನ್ನು ಪೂರ್ಣವಾಗಿ ಅಳವಡಿಸುವುದಿಲ್ಲ. ಆದುದರಿಂದ ಇಲ್ಲಿ ತಾಳೆ ನೋಡುವ ಹೊಣೆ ಮನೆಯವರದೇ.

ಪಟ್ಟಿಯ ದೋಷವೋ, ಪ್ರೋಗ್ರಾಮಿನ ದೋಷವೋ?

ಪರದೆಯ ಮೇಲೆ ‘ಮೆಮೊರಿ’ ಎಂಬ ಶಬ್ದ ಕಂಡೊಡನೆ ಮೆಮೊರಿಯ ಪಟ್ಟಿಯೇ ಕೆಟ್ಟಿದೆಯೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಕಟ್ಟೆ ಗಟ್ಟಿಯಾಗಿದ್ದರೂ ಬಡಿಸುವವನು ತಟ್ಟೆಯನ್ನು ತಪ್ಪು ಸ್ಥಳದಲ್ಲಿಟ್ಟರೆ ಗೊಂದಲವಾಗುವುದಷ್ಟೆ?

ಇದಕ್ಕೆ ಲೋಕವೇ ಕಂಡ ಉದಾಹರಣೆಯೊಂದಿದೆ. 2024ನೆಯ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಪ್ರೋಗ್ರಾಮಿನ ಸಂಸ್ಥೆಯು ಕಳುಹಿಸಿದ ಒಂದು ಚಿಕ್ಕ ಕಡತದಿಂದಾಗಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತುಬಿಟ್ಟವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ವಿಮಾನಗಳು ರದ್ದಾದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಟ್ಟದ್ದೂ ಉಂಟು. ಕಾರಣವಿಷ್ಟೆ: ಇಪ್ಪತ್ತೇ ಅಂಶಗಳಿದ್ದ ಪಟ್ಟಿಯಲ್ಲಿ ಆ ಪ್ರೋಗ್ರಾಮು ಇಪ್ಪತ್ತೊಂದನೆಯದನ್ನು ಓದಲು ಹೋಯಿತು. ಇಪ್ಪತ್ತು ಮೇಜುಗಳಿರುವ ಹೋಟೆಲಿನಲ್ಲಿ ಇಪ್ಪತ್ತೊಂದನೆಯ ಮೇಜಿಗೆ ದೋಸೆ ಒಯ್ದಂತಾಯಿತು. ಅಂದು ನಿಂತುಹೋದ ಯಂತ್ರಗಳ ಮೆಮೊರಿ ಪಟ್ಟಿಗಳಲ್ಲಿ ಕುಂದಿರಲಿಲ್ಲ. ಯಂತ್ರವನ್ನು ‘ಸೇಫ್ ಮೋಡ್’ ಎಂಬ ಮಿತವಾದ ಸ್ಥಿತಿಯಲ್ಲಿ ತೆರೆದು ಆ ಕಡತವನ್ನು ಅಳಿಸಿದೊಡನೆ ಅವು ಮೊದಲಿನಂತೆ ನಡೆದವು.

ಎರಡು ಬಗೆಯ ದೋಷಗಳನ್ನು ಬೇರ್ಪಡಿಸಲು ಸುಲಭವಾದ ಒಂದು ಸೂಚನೆಯುಂಟು. ಪ್ರತಿ ಸಲವೂ ಒಂದೇ ಸಂಕೇತ, ಒಂದೇ ಕಡತದ ಹೆಸರು, ಒಂದೇ ಕೆಲಸದ ಹೊತ್ತಿನಲ್ಲಿ ಕಾಣಿಸಿಕೊಂಡರೆ ಪ್ರೋಗ್ರಾಮನ್ನು, ವಿಶೇಷವಾಗಿ ಪ್ರಿಂಟರು ಮೊದಲಾದ ಉಪಕರಣಗಳನ್ನು ನಡೆಸುವ ‘ಡ್ರೈವರ್’ಗಳನ್ನು, ಸಂಶಯಿಸಬೇಕು. ಇಂದು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ನಾಳಿದ್ದು ಇನ್ನೊಂದು, ಹೀಗೆ ಗೊತ್ತುಗುರಿಯಿಲ್ಲದೆ ಬದಲಾಗುತ್ತಿದ್ದರೆ ಪಟ್ಟಿಯ ಮೇಲೆ ಸಂಶಯ ಬಲವಾಗುತ್ತದೆ. ಇದು ಸೂಚನೆ ಮಾತ್ರ. ತೀರ್ಪನ್ನು ಪರೀಕ್ಷೆಯೇ ಕೊಡಬೇಕು.

ಮೊದಲು ಕಾಗದಪತ್ರಗಳ ರಕ್ಷಣೆ

ಪರೀಕ್ಷೆಗೆ ತೊಡಗುವ ಮುನ್ನ ಬೆಲೆಯುಳ್ಳ ಕಡತಗಳನ್ನು ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಬೇಕು. ಇಲ್ಲಿಯೂ ಒಂದು ಎಚ್ಚರ ಅಗತ್ಯ. ನಕಲು ಕೂಡ ಅದೇ ಶಂಕಿತ ಮೆಮೊರಿಯನ್ನು ಹಾಯ್ದು ಹೋಗುವುದರಿಂದ, ಈ ಹಿಂದೆ ಮಾಡಿಟ್ಟ ಹಳೆಯ ನಕಲಿನ ಮೇಲೆ ಹೊಸದನ್ನು ಬರೆಯಕೂಡದು, ಬೇರೆಯಾಗಿಯೇ ಇಡಬೇಕು. ನಕಲಾದ ಕಡತಗಳನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತಿಳಿದವರು ಇದ್ದಲ್ಲಿ ಡಿಸ್ಕನ್ನೇ ಕಳಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಸುವುದು ಎಲ್ಲಕ್ಕಿಂತ ಕ್ಷೇಮ.

ಮೆಮೊರಿಯನ್ನು ಪರೀಕ್ಷಿಸುವ ಮೊದಲೇ ಫಾರ್ಮ್ಯಾಟ್ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ಪಟ್ಟಿ ಕೆಟ್ಟಿದ್ದರೆ, ಹೊಸದಾಗಿ ಹಾಕುವ ವಿಂಡೋಸ್ ಕೂಡ ಅದೇ ಸೋರುವ ಕೊಡದಲ್ಲಿ ಹಾಯ್ದು ಡಿಸ್ಕನ್ನು ಸೇರುತ್ತದೆ. ಕಾಗದಪತ್ರಗಳು ಹೋದವು, ಕಾಯಿಲೆ ಉಳಿಯಿತು ಎಂಬಂತಾಗುತ್ತದೆ.

ಪರೀಕ್ಷೆಯ ಕ್ರಮ

ಒಂದು ನೋಟ್‌ಬುಕ್ಕನ್ನು ಯಂತ್ರದ ಪಕ್ಕದಲ್ಲಿಡಿರಿ. ನೀಲಿ ಪರದೆ ಬಂದ ದಿನ, ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಸಂಕೇತ, ಇವನ್ನು ಬರೆಯಿರಿ. ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿರಿ. 2025ರಲ್ಲಿ ಮೈಕ್ರೋಸಾಫ್ಟ್ ಈ ಪರದೆಯ ಬಣ್ಣವನ್ನು ವಿಂಡೋಸ್ 11ರಲ್ಲಿ ಕಪ್ಪಾಗಿಸಿತು. ಬಣ್ಣ ಬೇರೆಯಾದರೂ ಅರ್ಥ ಅದೇ. ಮುಂದಿನ ಪರೀಕ್ಷೆಗಳಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ಮೂರನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯದು.

ಮೊದಲನೆಯದು, ಇತ್ತೀಚೆಗೆ ಸೇರಿಸಿದ್ದನ್ನು ನೆನಪಿಸಿಕೊಳ್ಳುವುದು. ತೊಂದರೆ ತೊಡಗುವ ಮುನ್ನ ಹೊಸ ಪ್ರಿಂಟರು, ಹೊಸ ವೈರಸ್‌ನಿರೋಧಕ ಪ್ರೋಗ್ರಾಮು, ಇಲ್ಲವೆ ಇನ್ನೊಂದು ಮೆಮೊರಿ ಪಟ್ಟಿ ಬಂದಿತ್ತೆ? ಬಂದಿದ್ದರೆ ಅದನ್ನು ತೆಗೆದು ಎರಡು ಮೂರು ದಿನ ನೋಡಬೇಕು.

ಎರಡನೆಯದು, ವಿಂಡೋಸಿನಲ್ಲಿಯೇ ಇರುವ ಪರೀಕ್ಷೆ. ಸ್ಟಾರ್ಟ್ ಗುಂಡಿಯನ್ನು ಒತ್ತಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಅದು ಕಾಣುತ್ತದೆ. ಒಪ್ಪಿಗೆ ಕೊಟ್ಟೊಡನೆ ಯಂತ್ರ ಮರಳಿ ಆರಂಭವಾಗಿ ಪರೀಕ್ಷೆ ನಡೆಯುತ್ತದೆ. ಆಗ ಎಫ್1 ಕೀಲಿಯನ್ನೊತ್ತಿ ವಿಸ್ತೃತ ಪರೀಕ್ಷೆಯನ್ನು ಆರಿಸಬಹುದು. ಮುಗಿದ ಮೇಲೆ ಫಲಿತಾಂಶ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಇದರಲ್ಲಿ ತಪ್ಪು ಕಾಣದಿದ್ದರೂ ಸಂಶಯವುಳಿದರೆ ‘ಮೆಮ್‌ಟೆಸ್ಟ್86’ ಎಂಬ ಪ್ರೋಗ್ರಾಮಿನ ಉಚಿತ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಅದರಿಂದಲೇ ಯಂತ್ರವನ್ನು ಆರಂಭಿಸಬಹುದು. ಹೀಗೆ ಹಾಕುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆಂಬುದನ್ನು ಮರೆಯಬಾರದು. ಈ ಪರೀಕ್ಷೆ ಕೆಲವು ಗಂಟೆಗಳ ಕಾಲ ನಡೆಯುವುದರಿಂದ ರಾತ್ರಿ ಪಾಳಿಗೆ ಹೊರಡುವಾಗ ಹಚ್ಚಿ ಹೋದರೆ ಅನುಕೂಲ. ದುರಸ್ತಿಗಾಗಿ ಗುರುವಾರಗಳಂದು ವಿದ್ಯುತ್ತನ್ನು ನಿಲ್ಲಿಸುವ ವಾಡಿಕೆ ಪುಣೆಯವರಿಗೆ ಪರಿಚಿತ. ಅಂತಹ ಹೊತ್ತನ್ನು ಬಿಟ್ಟು ಬೇರೆ ಹೊತ್ತನ್ನು ಆರಿಸಿಕೊಳ್ಳಬೇಕು. ಫಲಿತಾಂಶದಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆಯಿರಬೇಕು. ‘ಒಂದೇ ತಪ್ಪು ತಾನೆ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಮೂರನೆಯದು, ತಪ್ಪು ಕಂಡಲ್ಲಿ ಮೆಮೊರಿಯ ವೇಗವನ್ನು ನೋಡುವುದು. ಕೆಲವು ಯಂತ್ರಗಳಲ್ಲಿ ‘ಎಕ್ಸ್‌ಎಂಪಿ’ ಎಂಬ ಏರ್ಪಾಡಿನಿಂದ ಪಟ್ಟಿಯನ್ನು ಸಾಮಾನ್ಯ ವೇಗಕ್ಕಿಂತ ಹೆಚ್ಚಾಗಿ ಓಡಿಸಿರುತ್ತಾರೆ. ಬಯಾಸ್‌ನಲ್ಲಿ ಅದನ್ನು ನಿಲ್ಲಿಸಿ ಪುನಃ ಪರೀಕ್ಷಿಸಬೇಕು. ಹಳೆಯ ಪಟ್ಟಿಯ ಜತೆಗೆ ಬೇರೆ ತಯಾರಿಕೆಯ ಹೊಸ ಪಟ್ಟಿಯನ್ನು ಸೇರಿಸಿದಲ್ಲಿಯೂ, ಒಂಟಿಯಾಗಿ ಎರಡೂ ಸರಿಯಿದ್ದು, ಜೋಡಿಯಾದಾಗ ಹೊಂದದೆ ಹೋಗುವುದುಂಟು.

ನಾಲ್ಕನೆಯದು, ಪಟ್ಟಿಗಳನ್ನು ಕಳಚಿ ಕೂಡಿಸುವುದು. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಆರಂಭದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಕಳೆಯಬೇಕು. ಕೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೆಡಿಸದಂತೆ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಬೇಕು. ಬಳಿಕ ಎರಡು ತುದಿಗಳ ಕೊಂಡಿಗಳನ್ನು ಬಿಡಿಸಿ ಪಟ್ಟಿಯನ್ನು ಅಂಚು ಹಿಡಿದು ತೆಗೆಯಬೇಕು. ಮಳೆಗಾಲದ ತೇವ, ಒಳಗೆ ಕೂತ ಧೂಳು, ಇವುಗಳಿಂದ ಹೊಂಬಣ್ಣದ ತುದಿಗಳು ಮಾಸಿದ್ದರೆ ಮೃದುವಾದ ರಬ್ಬರಿನಿಂದ ಹಗುರವಾಗಿ ಉಜ್ಜಿ ಪುಡಿಯನ್ನು ಪೂರ್ಣವಾಗಿ ಒರೆಸಬೇಕು. ಮರಳಿ ಕೂಡಿಸುವಾಗ ಕೊಂಡಿಗಳು ಟಕ್ಕೆಂದು ಬೀಳುವವರೆಗೆ ಒತ್ತಬೇಕು. ಎಷ್ಟೋ ಸಲ ದೋಷವು ಇಷ್ಟರಿಂದಲೇ ನೀಗುವುದುಂಟು.

ಐದನೆಯದು, ನಿರ್ಣಾಯಕವಾದ ಪರೀಕ್ಷೆ. ಎರಡು ಪಟ್ಟಿಗಳಿದ್ದರೆ ಒಂದನ್ನು ಮಾತ್ರ ಇಟ್ಟು ಪರೀಕ್ಷಿಸಿ. ಬಳಿಕ ಅದೇ ಗಾಡಿಯಲ್ಲಿ ಇನ್ನೊಂದನ್ನು ಇಟ್ಟು ಪರೀಕ್ಷಿಸಿ. ಅನಂತರ ಗಾಡಿಯನ್ನು ಬದಲಿಸಿ. ತಪ್ಪು ಒಂದೇ ಪಟ್ಟಿಯ ಬೆನ್ನು ಹತ್ತಿ ಹೋದರೆ ಪಟ್ಟಿ ಕೆಟ್ಟಿದೆ. ಯಾವ ಪಟ್ಟಿಯನ್ನಿಟ್ಟರೂ ಒಂದೇ ಗಾಡಿಯಲ್ಲಿ ತಪ್ಪು ಬಂದರೆ ಗಾಡಿ, ಎಂದರೆ ಮದರ್‌ಬೋರ್ಡು ಕೆಟ್ಟಿದೆ. ಆಗ ಹೊಸ ಪಟ್ಟಿ ಕೊಂಡರೆ ಹಣ ವ್ಯರ್ಥ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂತಹವುಗಳಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ, ತಜ್ಞರ ಬಳಿಗೇ ಹೋಗಬೇಕು.

ಎಲ್ಲ ಪರೀಕ್ಷೆಗಳಲ್ಲಿಯೂ ಮೆಮೊರಿ ಶುದ್ಧವೆಂದು ಕಂಡರೆ, ಡಿಸ್ಕನ್ನು, ಯಂತ್ರದ ಕಾವನ್ನು, ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು, ಡ್ರೈವರುಗಳನ್ನು ಒಂದೊಂದಾಗಿ ನೋಡಬೇಕು. ವಿಂಡೋಸನ್ನು ಹೊಸದಾಗಿ ಹಾಕುವ ಮಾತು ಆಗ ಯುಕ್ತವಾದೀತು.

ಅಂಗಡಿಗೆ ಹೋಗುವಾಗ, ಫೋನು ಎತ್ತುವಾಗ

ಬುಧವಾರ ಪೇಟೆಯ ತಾಪಕೀರ ಗಲ್ಲಿಯಂತಹ ಪೇಟೆಗೆ ಬಿಡಿಭಾಗ ಕೊಳ್ಳಲು ಹೋಗುವಾಗ ಹಳೆಯ ಪಟ್ಟಿಯನ್ನೂ ನೋಟ್‌ಬುಕ್ಕನ್ನೂ ಜತೆಗೊಯ್ಯಬೇಕು. ಡಿಡಿಆರ್3 ಪಟ್ಟಿ ಡಿಡಿಆರ್4ರ ಗಾಡಿಯಲ್ಲಿ ಕೂಡುವುದಿಲ್ಲ. ಹಲವು ತಯಾರಕರು ಮೆಮೊರಿಗೆ ದೀರ್ಘಾವಧಿಯ ಖಾತರಿ ಕೊಡುವುದರಿಂದ, ಹೊಸದನ್ನು ಕೊಳ್ಳುವ ಮೊದಲು ಹಳೆಯ ಪಟ್ಟಿಯ ಖಾತರಿ ಉಳಿದಿದೆಯೇ ಎಂದು ವಿಚಾರಿಸಬೇಕು. ಬಿಲ್ಲನ್ನು ಎಂದಿಗೂ ಎಸೆಯಬಾರದು. ದುರಸ್ತಿಗೆ ಕೊಟ್ಟಲ್ಲಿ, ನಮ್ಮ ಕಡತಗಳ ನಕಲಾಗುವವರೆಗೆ ಡಿಸ್ಕನ್ನು ಅಳಿಸಕೂಡದೆಂದು ಬರೆಹದಲ್ಲಿ ತಿಳಿಸಬೇಕು, ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ ಪಡೆಯಬೇಕು.

ಇನ್ನೊಂದು ಮೋಸವನ್ನು ಇಲ್ಲಿ ಹೇಳದಿರಲಾಗದು. ಇಂಟರ್‌ನೆಟ್ ನೋಡುತ್ತಿರುವಾಗ ನೀಲಿ ಪರದೆಯಂತೆಯೇ ತೋರುವ ಪುಟವೊಂದು ಎದ್ದು, ಕೂಡಲೆ ಈ ನಂಬರಿಗೆ ಫೋನು ಮಾಡಿರೆಂದು ಬೆದರಿಸುವುದುಂಟು. ನಿಜವಾದ ನೀಲಿ ಪರದೆಯಲ್ಲಿ ಫೋನಿನ ನಂಬರು ಇರುವುದಿಲ್ಲ. ನಂಬರು ಇದ್ದರೆ ಅದು ವಂಚಕರ ಬಲೆ. ಅದಕ್ಕೆ ಫೋನು ಮಾಡಿ, ಅವರು ಹೇಳಿದ ಪ್ರೋಗ್ರಾಮನ್ನು ಹಾಕಿದರೆ ಕಂಪ್ಯೂಟರಷ್ಟೇ ಅಲ್ಲದೆ ಬ್ಯಾಂಕಿನ ಖಾತೆಯೂ ಪರರ ಕೈಸೇರೀತು.

ಹೋಟೆಲಿನ ದುಡಿಮೆಯಲ್ಲಿಯೂ ಕಛೇರಿಯ ಗುಮಾಸ್ತಿಕೆಯಲ್ಲಿಯೂ ನಮ್ಮವರು ಗಳಿಸಿದ ದೊಡ್ಡ ಆಸ್ತಿಯೆಂದರೆ ಲೆಕ್ಕದ ಶಿಸ್ತು. ಈ ಯಂತ್ರದ ದುರಸ್ತಿಗೂ ಬಹುಮಟ್ಟಿಗೆ ಬೇಕಾದದ್ದು ಅದೇ: ಬರೆದಿಡುವುದು, ಒಂದೊಂದನ್ನೇ ತಾಳೆ ನೋಡುವುದು, ತಾಳೆಯಾಗುವವರೆಗೆ ಮುಂದಿನ ಪುಟಕ್ಕೆ ಹೋಗದಿರುವುದು. ಇಂಗ್ಲಿಷಿನ ನಾಲ್ಕು ಸಾಲುಗಳಿಗೆ ಅಂಜಿ, ವರ್ಷಗಟ್ಟಲೆ ಕೂಡಿಟ್ಟ ಹಣವನ್ನೂ ಮನೆಯ ಕಾಗದಪತ್ರಗಳನ್ನೂ ಊಹೆಗೆ ಒಪ್ಪಿಸಬೇಕಾಗಿಲ್ಲ. ಸುಸ್ಥಿತಿಯಲ್ಲಿರುವ ಯಂತ್ರಗಳನ್ನು ಹೊಂದಿರುವ ವಾಚಕರು ಕೂಡ ಈ ಭಾನುವಾರ ಒಂದು ಗಂಟೆಯ ಬಿಡುವು ಮಾಡಿಕೊಂಡು, ಪಹಣಿಯ ಪ್ರತಿಯನ್ನೂ ಮಕ್ಕಳ ಪ್ರಮಾಣಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಲೆಂದು ನಾವು ಸೂಚಿಸುತ್ತೇವೆ.